ಮರ, ಅರಗು, ಬಣ್ಣ, ಕೂಲಿ

ಚನ್ನಪಟ್ಟಣದ ಗೊಂಬೆಗೂ ಆಂಧ್ರದ ಏಟಿಕೊಪ್ಪಾಕದ ಗೊಂಬೆಗೂ ಒಂದೇ ಮರ. ನಮ್ಮ ಕಡೆ ಆಲೆಮರ ಅನ್ನುತ್ತೇವೆ, ವಿಶಾಖಪಟ್ಟಣದ ಕಡೆ ಅಂಕುಡು ಅನ್ನುತ್ತಾರೆ. ಸಸ್ಯಶಾಸ್ತ್ರದವರಿಗೆ ಎರಡೂ ರೈಟಿಯಾ ಟಿಂಕ್ಟೋರಿಯಾ. ಎಲೆ ಕಿತ್ತರೆ ಹಾಲು ಒಸರುತ್ತದೆ. ಬೇಸಿಗೆಯಲ್ಲಿ ಬಿಳಿ ಹೂ ಬಿಡುತ್ತದೆ. ಕಾಯಿಗಳು ಜೋಡಿಜೋಡಿಯಾಗಿ, ತುದಿ ತುದಿ ಅಂಟಿಕೊಂಡು ನೇತಾಡುತ್ತವೆ. ತೊಗಟೆ ಬಿಡಿಸಿದರೆ ಒಳಗಿನ ಮರ ದಂತದ ಬಣ್ಣ, ಎಳೆ ಕಾಣದಷ್ಟು ನಯ. ಲೇತಿಗೆ ಕೊಟ್ಟು ಉಳಿ ಹಿಡಿದರೆ ಸಿಬಿರು ಏಳುವುದಿಲ್ಲ. ಮಗು ಬಾಯಿಗೆ ಇಟ್ಟುಕೊಳ್ಳುವ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ.

ನಾನು ಹುಟ್ಟಿದ್ದು ಚನ್ನಪಟ್ಟಣದ ಒಂದು ಲೇತಿನ ಮನೆಯಲ್ಲಿ. ಅಪ್ಪ ಬುಗುರಿ, ಗಿಲಕಿ, ಮಣಿಸರ, ಅಡುಗೆ ಆಟದ ಸಾಮಾನು ಕಡೆಯುತ್ತಿದ್ದರು. ಅಮ್ಮ ಬಣ್ಣ ಹಚ್ಚುತ್ತಿದ್ದಳು. ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದೆ. ನಮ್ಮ ಯಜಮಾನರದು ಬಂದರಿನಲ್ಲಿ ನೌಕರಿ. ಇಲ್ಲೇ ಮಕ್ಕಳಾದರು, ಇಲ್ಲೇ ನಿವೃತ್ತಿಯೂ ಆಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮಾತಾಡುತ್ತ ಇಷ್ಟು ವರ್ಷ ಕಳೆದವು. ಈ ಊರಿನ ಆಸುಪಾಸಿನ ಕೈಕೆಲಸದ ಊರುಗಳಿಗೆ ಹೋಗಿ ಬರುವುದು ನನಗೆ ತವರಿಗೆ ಹೋಗಿ ಬಂದಷ್ಟೇ ಸಲೀಸು. ಅಲ್ಲಿ ನೋಡಿದ್ದನ್ನು, ಕೇಳಿ ತಿಳಿದದ್ದನ್ನು ಕನ್ನಡದ ಓದುಗರಿಗೆ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿತ್ತು.

ಹೇಳಬೇಕಾದ್ದು ಇಷ್ಟೇ. ಯಾವ ಕೈಕೆಲಸವೂ ಹೊಗಳಿಕೆಯಿಂದ ಉಳಿದಿಲ್ಲ. ಮರ ಸಿಗಬೇಕು, ಅರಗು ಸಿಗಬೇಕು, ಒಳ್ಳೆಯ ಬಣ್ಣ ಇರಬೇಕು, ಕೆಲಸ ಮಾಡಿದವರಿಗೆ ಹೊಟ್ಟೆ ತುಂಬುವ ಕೂಲಿ ಬರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರು ಬಹಳ ದಿನ ನಿಲ್ಲುವುದಿಲ್ಲ.

ಮ್ಯೂಸಿಯಂ ಸೇರಿದ ಕಲೆ

ವಿಶಾಖಪಟ್ಟಣ ಅಂದರೆ ಜನರಿಗೆ ಹಡಗು, ಉಕ್ಕು, ಕಡಲತೀರ ನೆನಪಾಗುತ್ತದೆ. 1933ರಲ್ಲಿ ದೊಡ್ಡ ಬಂದರು ಶುರುವಾಗುವುದಕ್ಕೆ ಎಷ್ಟೋ ಮೊದಲೇ ಈ ಊರಿನ ಹೆಸರು ಇಂಗ್ಲೆಂಡಿನ ಶ್ರೀಮಂತರ ಮನೆಗಳಿಗೆ ತಲುಪಿತ್ತು. ಆಗ ಹೆಸರು ವೈಜಾಗಪಟಂ. ಹದಿನೇಳನೇ ಶತಮಾನದ ಕೊನೆಯಿಂದ ಹತ್ತೊಂಬತ್ತನೇ ಶತಮಾನದವರೆಗೆ ಇಲ್ಲಿನ ಕುಶಲಕರ್ಮಿಗಳು ದಂತದ ಕೆಲಸದ ಪೆಟ್ಟಿಗೆ, ಮೇಜು, ಕುರ್ಚಿ, ಕನ್ನಡಿ ಚೌಕಟ್ಟು ಮಾಡುತ್ತಿದ್ದರು. ಬೀಟೆ, ಕರಿಮರ, ಶ್ರೀಗಂಧದ ಮೇಲೆ ದಂತದ ತೆಳು ಹಾಳೆ ಕೂರಿಸಿ, ಅದರ ಮೇಲೆ ಬಳ್ಳಿ, ಹೂ, ಕಟ್ಟಡಗಳ ಚಿತ್ರ ಕೊರೆದು, ಕೊರೆದ ಗೆರೆಗಳಿಗೆ ಕಪ್ಪು ಅರಗು ತುಂಬುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಊರಿಗೆ ಮರಳುವಾಗ ಅವನ್ನು ಒಯ್ಯುತ್ತಿದ್ದರು.

ಈಗ ಅಂಥ ಪೆಟ್ಟಿಗೆ ನೋಡಬೇಕಾದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಹುಡುಕಬೇಕು. ಕೊಳ್ಳುವವರ ರುಚಿ ಬದಲಾಯಿತು, ಕಂಪನಿಯ ಕಾಲ ಮುಗಿಯಿತು, ಆ ಪೆಟ್ಟಿಗೆಗಳನ್ನು ಕೇಳುವವರು ಇಲ್ಲವಾದರು. ಆನೆಯನ್ನು ಕೊಂದು ತೆಗೆಯುವ ದಂತದ ವ್ಯಾಪಾರ ನಿಂತದ್ದು ಒಳ್ಳೆಯದೇ. ಆದರೆ ಸೂಜಿಮೊನೆಯಲ್ಲಿ ಗೆರೆ ಎಳೆದು ಅರಗು ತುಂಬುವ ಆ ಕೈಚಳಕಕ್ಕೆ ಬೇರೆ ದಾರಿ ಯಾರೂ ತೋರಿಸಲಿಲ್ಲ. ದೂರದ ಗಿರಾಕಿಯೊಬ್ಬನನ್ನೇ ನಂಬಿದ ಕಸುಬು ಅವನು ಬಾಗಿಲು ಮುಚ್ಚಿದ ದಿನ ಬೀದಿಗೆ ಬೀಳುತ್ತದೆ. ಏಟಿಕೊಪ್ಪಾಕದ ಕಥೆ ಬೇರೆಯಾದದ್ದು ಯಾಕೆ ಅಂತ ತಿಳಿಯಲು ಈ ಹಳೆಯ ಕಥೆ ನೆನಪಿರಬೇಕು.

ವರಾಹ ನದಿಯ ದಂಡೆಯಲ್ಲಿ

ವಿಶಾಖಪಟ್ಟಣದಿಂದ ಚೆನ್ನೈ ಹೆದ್ದಾರಿ ಹಿಡಿದು ಅನಕಾಪಲ್ಲಿ, ಯಲಮಂಚಿಲಿ ದಾಟಿದರೆ ಸುಮಾರು 65 ಕಿಲೋಮೀಟರ್ ದೂರದಲ್ಲಿ ಏಟಿಕೊಪ್ಪಾಕ. ಮೊದಲು ವಿಶಾಖಪಟ್ಟಣ ಜಿಲ್ಲೆಯಲ್ಲೇ ಇತ್ತು. 2022ರ ಏಪ್ರಿಲ್‌ನಲ್ಲಿ ಹೊಸ ಜಿಲ್ಲೆಗಳಾದಾಗ ಅನಕಾಪಲ್ಲಿ ಜಿಲ್ಲೆಗೆ ಸೇರಿತು. ಪಕ್ಕದಲ್ಲೇ ವರಾಹ ನದಿ, ಸುತ್ತ ಕಬ್ಬಿನ ಗದ್ದೆ. ದೇಶದಲ್ಲೇ ಮೊಟ್ಟಮೊದಲ ಸಹಕಾರಿ ಸಕ್ಕರೆ ಕಾರ್ಖಾನೆಗಳಲ್ಲಿ ಒಂದು ಈ ಪುಟ್ಟ ಊರಿನಲ್ಲಿ 1933ರಲ್ಲಿ ಆರಂಭವಾಯಿತು. ರೈತರು ಸೇರಿ ಕಾರ್ಖಾನೆ ಕಟ್ಟುವ ಧೈರ್ಯ ಆ ಕಾಲಕ್ಕೇ ಇದ್ದ ಊರು.

ಗೊಂಬೆ ಮಾಡುವವರ ಬೀದಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ಲೇತಿನ ಸದ್ದು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗೋಡೆಗೆ ಒರಗಿಸಿದ ಅಂಕುಡು ಕೊಂಬೆಗಳು, ನೆಲದ ಮೇಲೆ ಬಿಳಿ ಹೊಟ್ಟಿನ ರಾಶಿ, ಒಂದು ಡಬ್ಬಿಯಲ್ಲಿ ಬಣ್ಣಬಣ್ಣದ ಅರಗಿನ ಕಡ್ಡಿಗಳು. ಹಿಂದೆ ಹಗ್ಗದ ಲೇತ್ ಇತ್ತು. ಗಂಡ ಉಳಿ ಹಿಡಿದು ಕೂತರೆ ಹೆಂಡತಿಯೋ ಮಗನೋ ಎದುರು ಕೂತು ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರು. ನಮ್ಮ ತಾತನ ಕಾಲದಲ್ಲಿ ಚನ್ನಪಟ್ಟಣದಲ್ಲೂ ಹೀಗೇ ಇತ್ತು ಅಂತ ಅಪ್ಪ ಹೇಳುತ್ತಿದ್ದರು. ಕರೆಂಟಿನ ಮೋಟಾರು ಬಂದ ಮೇಲೆ ಹಗ್ಗ ಎಳೆಯುತ್ತಿದ್ದ ಹೆಂಗಸರೂ ಲೇತಿನ ಮುಂದೆ ಕೂತರು. ಇವತ್ತು ಉಳಿ ಹಿಡಿದು ಕಡೆಯುವ, ಅರಗು ಹಚ್ಚುವ, ಲೆಕ್ಕ ನೋಡುವ ಹೆಂಗಸರನ್ನು ಅಲ್ಲಿ ಕಾಣಬಹುದು.

ನಾನು ಹೆಚ್ಚಾಗಿ ಹೋಗುವ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ನಾನು ತಾತಗಾರು ಅನ್ನುತ್ತೇನೆ, ಅವರು ನನ್ನನ್ನು ಅಮ್ಮಾ ಅನ್ನುತ್ತಾರೆ. ನಾನು ಚನ್ನಪಟ್ಟಣದವಳು ಅಂತ ಗೊತ್ತಾದ ದಿನ ಅವರು ಕೆಲಸ ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಕಡೆ ಮರ ಸಿಗುತ್ತದಾ ಅಂತ. ಬಣ್ಣದ ವಿಷಯ, ರೇಟಿನ ವಿಷಯ ಎಲ್ಲ ಆಮೇಲೆ ಬಂದವು.

ಅರಗು ಹಚ್ಚುವ ಹೊತ್ತಿಗೆ ಅವರ ಪಕ್ಕ ಕೂತು ನೋಡಬೇಕು. ಚೆನ್ನಾಗಿ ಒಣಗಿದ ತುಂಡನ್ನು ಲೇತಿಗೆ ಕೊಟ್ಟು ಬುಗುರಿಯ ಆಕಾರಕ್ಕೆ ಕಡೆದಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಗಟ್ಟಿಯಾದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಅಲ್ಲೇ ಮೆತ್ತಗಾಗಿ ಮರಕ್ಕೆ ಹತ್ತುತ್ತದೆ. ಮೊದಲು ಅಲ್ಲಲ್ಲಿ ಮಚ್ಚೆಯಾಗಿ, ಆಮೇಲೆ ಪಟ್ಟಿಯಾಗಿ. ಒತ್ತಡ ಕಮ್ಮಿಯಾದರೆ ಅರಗು ಹಿಡಿಯುವುದಿಲ್ಲ, ಹೆಚ್ಚಾದರೆ ಗಂಟು ಕಟ್ಟುತ್ತದೆ. ಇದಕ್ಕೆ ಅಳತೆ ಕೋಲು ಇಲ್ಲ, ಕೈಗೇ ಗೊತ್ತಾಗಬೇಕು. ಪಟ್ಟಿ ಮೂಡಿದ ಮೇಲೆ ಕೇದಗೆಯ ಒಣ ಗರಿಯನ್ನು ಮಡಿಸಿ, ತಿರುಗುವ ಗೊಂಬೆಗೆ ಒತ್ತಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಾರೆ. ಗಂಟು ಗಂಟಾಗಿದ್ದ ಅರಗು ಒಂದೇ ಸಮನಾಗಿ ಹರಡಿ ಹೊಳಪು ಬರುತ್ತದೆ. ಬ್ರಶ್ಶು, ಪೇಂಟು, ಒಣಗಿಸಲು ಬಿಸಿಲು ಯಾವುದೂ ಬೇಡ. ಲೇತ್ ನಿಲ್ಲಿಸಿದ ಕೂಡಲೇ ಕೈಗೆತ್ತಿಕೊಳ್ಳಬಹುದು.

ಏಟಿಕೊಪ್ಪಾಕದಲ್ಲಿ ಬುಗುರಿ, ಗಿಲಕಿ, ಬಂಡಿ, ಕುಂಕುಮದ ಭರಣಿ, ಬಳೆ, ದೇವರ ಗೊಂಬೆ, ಮದುವೆಯ ಮೇಳ ಎಲ್ಲ ಆಗುತ್ತವೆ. ಚನ್ನಪಟ್ಟಣದ ಕೆಲಸಕ್ಕೆ ಟಿಪ್ಪು ಸುಲ್ತಾನ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ ಎಂಬ ಮಾತು ನಮ್ಮಲ್ಲಿ ಪ್ರಚಲಿತ. ಏಟಿಕೊಪ್ಪಾಕಕ್ಕೆ ಸುತ್ತಲಿನ ಜಮೀನ್ದಾರರ, ರೈತರ ಮನೆಗಳೇ ಮೊದಲ ಗಿರಾಕಿಗಳು. ಬೇರೆ ಬೇರೆ ದಾರಿಯಿಂದ ಬಂದ ಎರಡು ಊರುಗಳು ಒಂದೇ ಮರ, ಒಂದೇ ಅರಗು, ಒಂದೇ ಗರಿಯ ಹತ್ತಿರ ಬಂದು ನಿಂತಿವೆ.

ಅರಗು ಎಲ್ಲಿಂದ ಬರುತ್ತದೆ

ಅರಗು ಮರದ ಅಂಟು ಅಂದುಕೊಂಡವರು ಬಹಳ ಜನ. ಅದು ಒಂದು ಸಣ್ಣ ಹುಳು ಕೊಡುವ ವಸ್ತು. ಮುತ್ತುಗ, ಎಲಚಿ, ಕುಸುಮ್ ಮುಂತಾದ ಮರಗಳ ಎಳೆ ಕೊಂಬೆಗೆ ಸಾವಿರಾರು ಹುಳುಗಳು ಹತ್ತಿ, ರಸ ಹೀರಿ, ತಮ್ಮ ಮೈ ಸುತ್ತ ಒಂದು ಗಟ್ಟಿ ಕವಚ ಕಟ್ಟಿಕೊಳ್ಳುತ್ತವೆ. ಆ ಕವಚವೇ ಅರಗು. ಕೊಂಬೆಯಿಂದ ಕೆರೆದು, ಜಜ್ಜಿ, ತೊಳೆದು, ಬಟ್ಟೆಯ ಚೀಲದಲ್ಲಿ ತುಂಬಿ ಬೆಂಕಿಯ ಶಾಖಕ್ಕೆ ಹಿಡಿದು ಹಿಂಡಿದರೆ ಶುದ್ಧ ಅರಗು ಸಿಗುತ್ತದೆ. ತೊಳೆದ ನೀರಿನಲ್ಲಿ ಕೆಂಪು ಬಣ್ಣವೂ ಇಳಿಯುತ್ತದೆ. ಹಿಂದೆ ರೇಷ್ಮೆಗೂ ಉಣ್ಣೆಗೂ ಅದೇ ಕೆಂಪು ಹಾಕುತ್ತಿದ್ದರು.

ದೇಶದಲ್ಲಿ ಹೆಚ್ಚು ಅರಗು ಬರುವುದು ಜಾರ್ಖಂಡ್, ಛತ್ತೀಸಗಡದ ಕಾಡುಗಳಿಂದ. ಅದನ್ನು ಬೆಳೆದು ಕೊಯ್ಯುವವರಲ್ಲಿ ಬಹುಪಾಲು ಆದಿವಾಸಿಗಳು. ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ ಅರಗಿಗಾಗಿಯೇ 1924ರಲ್ಲಿ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು. ಹೀಗಾಗಿ ನಿಮ್ಮ ಮಗುವಿನ ಕೈಯ ಬುಗುರಿ ಒಬ್ಬರ ಕೆಲಸವಲ್ಲ. ಮುತ್ತುಗದ ಕೊಂಬೆ ಕಡಿದ ಹೆಂಗಸು, ಗುಡ್ಡದಿಂದ ಅಂಕುಡು ತಂದವನು, ಕೇದಗೆ ಗರಿ ಕೊಯ್ದು ಒಣಗಿಸಿದವರು, ಎಲ್ಲರ ದುಡಿಮೆ ಅದರಲ್ಲಿದೆ. ಮಳೆಯಲ್ಲಿ ಏರುಪೇರಾಗಿ ಅರಗಿನ ಬೆಳೆ ಕೈಕೊಟ್ಟ ವರ್ಷ ರೇಟು ಏರುತ್ತದೆ, ಆ ಬಿಸಿ ನೇರವಾಗಿ ಏಟಿಕೊಪ್ಪಾಕದ, ಚನ್ನಪಟ್ಟಣದ ಮನೆಗೆ ಮುಟ್ಟುತ್ತದೆ.

ಬಣ್ಣದ ತಿರುವು

ಸುಲಭದ ರಾಸಾಯನಿಕ ಬಣ್ಣ ಬಂದಾಗ ಎರಡೂ ಊರುಗಳು ಅದಕ್ಕೆ ಒಲಿದವು. ಅಂಗಡಿಯಲ್ಲಿ ಪುಡಿ ಸಿಗುತ್ತದೆ, ಅರಗಿಗೆ ಕಲಸಿದರೆ ಆಯಿತು, ಕಣ್ಣು ಕುಕ್ಕುವ ಕೆಂಪು, ಹಳದಿ, ಹಸಿರು. ಆದರೆ ಅಗ್ಗದ ಬಣ್ಣಗಳಲ್ಲಿ ಸೀಸದಂಥ ಲೋಹ ಇರಬಹುದು. ಮಕ್ಕಳ ಮೈಗೆ ಇಷ್ಟು ಸೀಸ ಸೇರಿದರೆ ತೊಂದರೆಯಿಲ್ಲ ಅನ್ನುವ ಸುರಕ್ಷಿತ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟದ ಸಾಮಾನು ಮಗುವಿನ ಬಾಯಿಗೆ ಹೋಗಿಯೇ ಹೋಗುತ್ತದೆ.

ಏಟಿಕೊಪ್ಪಾಕ ತಿರುಗಿ ನಿಂತದ್ದು ಇಲ್ಲಿ. ಆ ಊರಿನವರೇ ಆದ ಚಿಂತಲಪಾಟಿ ವೆಂಕಟಪತಿ ರಾಜು ಅವರು, ಎಲ್ಲರೂ ಕರೆಯುವಂತೆ ಸಿ.ವಿ. ರಾಜು, ಬೀಜ, ಬೇರು, ತೊಗಟೆ, ಎಲೆಗಳಿಂದ ಬಣ್ಣ ತೆಗೆದು ಅರಗಿಗೆ ಸೇರಿಸುವ ಪ್ರಯೋಗಕ್ಕೆ ಇಳಿದರು. ಕೇಳಲು ಸುಲಭ, ಮಾಡಲು ಕಷ್ಟ. ಬಟ್ಟೆಗೆ ಹಾಕುವ ಸಸ್ಯದ ಬಣ್ಣ ನೀರಿನಲ್ಲಿ ಕರಗುತ್ತದೆ, ಅರಗು ನೀರನ್ನು ಹತ್ತಿರ ಸೇರಿಸುವುದಿಲ್ಲ. ಬಣ್ಣದಲ್ಲಿ ತೇವ ಉಳಿದರೆ ಅರಗಿನಲ್ಲಿ ಹೊಂದದು. ಶಾಖ ಹೆಚ್ಚಾದರೆ ಬಣ್ಣ ಸುಟ್ಟು ಮಂಕಾಗುತ್ತದೆ. ಪ್ರತಿಯೊಂದು ಬಣ್ಣಕ್ಕೂ ಬೇರೆ ಹದ ಹುಡುಕಬೇಕು.

ಬಣ್ಣ ಕಲಸುವುದನ್ನು ನೋಡಿದರೆ ಆ ಕಷ್ಟ ತಿಳಿಯುತ್ತದೆ. ಇದ್ದಿಲ ಒಲೆಯ ಮೇಲೆ ಅರಗನ್ನು ಕಾಯಿಸಿ ಮೆತ್ತಗೆ ಮಾಡಿ, ಪುಡಿ ಬಣ್ಣ ಹಾಕಿ ನಾದುತ್ತಾರೆ. ಹದಕ್ಕೆ ಬಂದ ಅರಗನ್ನು ಬೆಲ್ಲದ ಪಾಕ ಎಳೆದ ಹಾಗೆ ಉದ್ದಕ್ಕೆ ಎಳೆದು, ಮಡಿಸಿ, ಮತ್ತೆ ಕಾಯಿಸಿ, ಮತ್ತೆ ಎಳೆಯುತ್ತಾರೆ. ಬಣ್ಣ ಒಳಗೆಲ್ಲ ಸಮನಾಗಿ ಇಳಿದಿದೆ ಅಂತ ಕಣ್ಣಿಗೆ ಖಾತ್ರಿಯಾದ ಮೇಲೆ ಕಡ್ಡಿ ಮಾಡಿ ತಣ್ಣಗಾಗಲು ಬಿಡುತ್ತಾರೆ. ಅರಿಸಿನದಿಂದ ಹಳದಿ, ರಂಗುಮಾಲೆಯ ಬೀಜದಿಂದ ಕೇಸರಿ, ನೀಲಿಗಿಡದಿಂದ ನೀಲಿ, ನೀಲಿಗೆ ಹಳದಿ ಬೆರೆಸಿದರೆ ಹಸಿರು. ರಾಸಾಯನಿಕ ಬಣ್ಣದ ಪಕ್ಕ ಇಟ್ಟು ನೋಡಿದರೆ ಇವು ಸೌಮ್ಯ, ಮಣ್ಣಿಗೆ ಹತ್ತಿರ. ನನ್ನ ಕಣ್ಣಿಗೆ ಇವೇ ಚೆಂದ.

ಸಿ.ವಿ. ರಾಜು ಅವರ ಈ ಕೆಲಸಕ್ಕೆ 2002ರಲ್ಲಿ ರಾಷ್ಟ್ರಪತಿಗಳಿಂದ ನಾವೀನ್ಯದ ಪ್ರಶಸ್ತಿ ಬಂತು. ಏಟಿಕೊಪ್ಪಾಕ ಗೊಂಬೆಗೆ 2017ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿತು. 2020ರ ಆಗಸ್ಟ್‌ನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ರಾಜು ಅವರ ಹೆಸರು ಹೇಳಿದರು. ಅದೇ ಮಾತಿನಲ್ಲಿ ಚನ್ನಪಟ್ಟಣ, ಕೊಂಡಪಲ್ಲಿಯ ಹೆಸರೂ ಬಂತು. 2023ರಲ್ಲಿ ರಾಜು ಅವರಿಗೆ ಪದ್ಮಶ್ರೀ. 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರದ ಸ್ತಬ್ಧಚಿತ್ರವೇ ಏಟಿಕೊಪ್ಪಾಕದ ಗೊಂಬೆಗಳದ್ದು, ತೀರ್ಪುಗಾರರಿಂದ ಅದಕ್ಕೆ ಮೂರನೇ ಸ್ಥಾನ ಸಿಕ್ಕಿತು. ವಿಶಾಖಪಟ್ಟಣದ ರೈಲು ನಿಲ್ದಾಣದಲ್ಲಿ ‘ಒಂದು ನಿಲ್ದಾಣ ಒಂದು ಉತ್ಪನ್ನ’ ಯೋಜನೆಯ ಮಳಿಗೆಯಲ್ಲೂ ಈ ಗೊಂಬೆಗಳು ಕೂತವು.

ಈ ಗೌರವಗಳೆಲ್ಲ ದೊಡ್ಡವೇ. ಆದರೆ ಊರನ್ನು ಉಳಿಸಿದ್ದು ಮೊದಲು ಆ ಬಣ್ಣ. ಮಕ್ಕಳ ಆರೋಗ್ಯದ ಬಗ್ಗೆ ಯೋಚಿಸುವ ತಾಯಿ ತಂದೆಯರು ಹೆಚ್ಚು ದುಡ್ಡು ಕೊಟ್ಟು ಕೊಳ್ಳಲು ಒಂದು ಕಾರಣ ಸಿಕ್ಕಿತು. ದಂತದ ಪೆಟ್ಟಿಗೆಯವರಿಗೆ ಹೊಸ ಗಿರಾಕಿ ಸಿಗಲಿಲ್ಲ, ಏಟಿಕೊಪ್ಪಾಕದವರು ತಮ್ಮ ಗಿರಾಕಿಯನ್ನು ತಾವೇ ಹುಡುಕಿಕೊಂಡರು.

ಕೊಂಡಪಲ್ಲಿಯ ಅಂಬಾರಿ

ವಿಜಯವಾಡದಿಂದ ಸುಮಾರು 20 ಕಿಲೋಮೀಟರ್ ದೂರದ ಕೊಂಡಪಲ್ಲಿಯಲ್ಲಿ ಲೇತ್ ಇಲ್ಲ, ಅರಗೂ ಇಲ್ಲ. ಅಲ್ಲಿನದು ಬೇರೆಯದೇ ಪಾಠ. ಕೋಟೆಯಿರುವ ಗುಡ್ಡದ ಸುತ್ತಲಿನ ಕಾಡಿನಲ್ಲಿ ತೆಲ್ಲ ಪೊಣಿಕಿ ಎಂಬ ಮರ ಬೆಳೆಯುತ್ತದೆ. ಅದರ ಕಾಯಿಗೆ ಎರಡು ರೆಕ್ಕೆ, ಬೀಳುವಾಗ ಗರಗರ ತಿರುಗುತ್ತ ಇಳಿಯುತ್ತದೆ. ಮರ ಬೆಂಡಿನಷ್ಟು ಹಗುರ. ತುಂಡುಗಳನ್ನು ಮೆಲ್ಲನೆ ಶಾಖಕ್ಕೆ ಹಿಡಿದು ತೇವ ತೆಗೆದು, ಕೈ, ಕಾಲು, ತಲೆ, ಮೈ ಎಲ್ಲವನ್ನೂ ಬೇರೆ ಬೇರೆಯಾಗಿ ಕೆತ್ತುತ್ತಾರೆ. ಹುಣಸೆಬೀಜದ ಪುಡಿ ಮತ್ತು ಮರದ ಹೊಟ್ಟು ಸೇರಿಸಿ ಮಾಡಿದ ‘ಮಕ್ಕು’ ಎಂಬ ಅಂಟಿನಿಂದ ಆ ಭಾಗಗಳನ್ನು ಜೋಡಿಸುತ್ತಾರೆ. ಕೀಲು ಮುಚ್ಚುವುದೂ, ಮೂಗು ಕಣ್ಣಿನ ಉಬ್ಬು ತೀಡುವುದೂ ಮಕ್ಕಿನಿಂದಲೇ. ಒಣಗಿದ ಮೇಲೆ ಸುಣ್ಣದ ಲೇಪ, ಅದರ ಮೇಲೆ ಬಣ್ಣ.

ಇಲ್ಲಿನ ಆರ್ಯಕ್ಷತ್ರಿಯ ಕುಶಲಕರ್ಮಿಗಳು ತಮ್ಮ ಹಿರಿಯರು ರಾಜಸ್ಥಾನದಿಂದ ಬಂದವರು ಎನ್ನುತ್ತಾರೆ. ಶಿವನಿಂದ ವಿದ್ಯೆ ಪಡೆದ ಮುಕ್ತ ಋಷಿ ತಮ್ಮ ಮೂಲಪುರುಷ ಎಂಬ ನಂಬಿಕೆಯೂ ಅವರದು. ದಶಾವತಾರ, ಅಂಬಾರಿ ಹೊತ್ತ ಆನೆ, ಎತ್ತಿನಗಾಡಿ, ಈಚಲ ಮರ ಹತ್ತುವವನು, ಮೊಸರು ಕಡೆಯುವವಳು, ಹಳ್ಳಿಯ ಬದುಕೆಲ್ಲ ಅಲ್ಲಿ ಗೊಂಬೆಯಾಗಿದೆ. ಆಂಧ್ರದ ಮನೆಗಳಲ್ಲಿ ಸಂಕ್ರಾಂತಿಗೆ, ಕೆಲವು ಕಡೆ ದಸರೆಗೆ, ಬೊಮ್ಮಲ ಕೊಲುವು ಕೂರಿಸುತ್ತಾರೆ. ನಮ್ಮ ಮನೆಯಲ್ಲಿ ದಸರೆಯ ಮೆಟ್ಟಿಲ ಮೇಲೆ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು, ಕೊಂಡಪಲ್ಲಿಯ ಅಂಬಾರಿ, ಏಟಿಕೊಪ್ಪಾಕದ ಮದುವೆ ಮೇಳ ಮೂರೂ ಒಟ್ಟಿಗೆ ಕೂರುತ್ತವೆ. ನಮ್ಮ ಬೀದಿಯ ತೆಲುಗು ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದಾಗ ಗುರುತು ಹಿಡಿಯುವುದು ಮೊದಲು ಅಂಬಾರಿಯನ್ನೇ.

ಹಬ್ಬ ಇರುವತನಕ ಕೊಂಡಪಲ್ಲಿಗೆ ಗಿರಾಕಿ ಇದ್ದಾರೆ. ಕೊರತೆ ಇರುವುದು ಪೊಣಿಕಿ ಮರಕ್ಕೆ. ಹತ್ತಿರದ ಗುಡ್ಡಗಳಲ್ಲಿ ಅದು ಕಮ್ಮಿಯಾದಷ್ಟೂ ದೂರದಿಂದ ತರಿಸಬೇಕು, ತುಂಡಿನ ಬೆಲೆ ಏರುತ್ತದೆ, ಗೊಂಬೆಯ ಬೆಲೆ ಅಷ್ಟೇ ವೇಗದಲ್ಲಿ ಏರಿಸಲಾಗುವುದಿಲ್ಲ.

ನೂಲಿನವರ ಪಾಡು

ವಿಶಾಖಪಟ್ಟಣದ ಉತ್ತರಕ್ಕೆ ಶ್ರೀಕಾಕುಳಂ ಜಿಲ್ಲೆಯ ಪೊಂದೂರು. ಅಲ್ಲಿನ ಖಾದಿ ಎಷ್ಟು ನವಿರು ಎಂದರೆ ಗಾಂಧೀಜಿ ಅದರ ಕೆಲಸ ತಿಳಿದು ಬರಲು ಮಗ ದೇವದಾಸರನ್ನು ಅಲ್ಲಿಗೆ ಕಳಿಸಿದ್ದರು. ಅಲ್ಲಿ ಬೆಟ್ಟದ ಹತ್ತಿಯನ್ನು ಬಾಚಲು ಬಳಸುವುದು ವಾಲುಗ ಮೀನಿನ ದವಡೆಯನ್ನು. ಸಾಲಾಗಿ ನಿಂತ ಸಣ್ಣ ಹಲ್ಲುಗಳ ಮೇಲೆ ಹತ್ತಿ ಎಳೆದರೆ ಕಸ ಉದುರಿ ಎಳೆಗಳು ಒಂದೇ ದಿಕ್ಕಿಗೆ ನಿಲ್ಲುತ್ತವೆ. ಆ ಎಳೆಯನ್ನು ಒಂಟಿ ಕದಿರಿನ ಚರಕದಲ್ಲಿ ನೂಲುವವರು ಹೆಂಗಸರು, ಅವರಲ್ಲಿ ಬಹಳಷ್ಟು ಜನ ವಯಸ್ಸಾದವರು. ವಿಜಯವಾಡದ ಮಗ್ಗುಲಲ್ಲೇ ಇರುವ ಮಂಗಳಗಿರಿಯಲ್ಲಿ ಗುಂಡಿ ಮಗ್ಗದ ಸೀರೆ. ಒಡಲು ಸಾದಾ, ಅಂಚಿನಲ್ಲಿ ಜರಿ, ಬಿಗಿಯಾದ ನೇಯ್ಗೆ. ಅದಕ್ಕೆ 2013ರಲ್ಲಿ ಜಿಐ ಗುರುತು ಸಿಕ್ಕಿತು. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗ ನಂಬಿದವರು 35 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಹೆಂಗಸರು.

ಕೈಕೆಲಸದವರ ಮಾತು ಬಂದಾಗೆಲ್ಲ ನನಗೆ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ನೆನಪಾಗುತ್ತಾರೆ. 1903ರಲ್ಲಿ ಹುಟ್ಟಿದ ಅವರು ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಕಡೆ ಹೋಗದೆ ಕೈಕೆಲಸದವರ ಕಡೆ ಬಂದರು. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕಟ್ಟಿದವರು ಅವರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಕೊನೆಯುಸಿರು ಎಳೆಯುತ್ತಿದ್ದಾಗ ಅಲ್ಲಿ ತರಬೇತಿ ಕೇಂದ್ರ ತೆರೆಯಲು ಕಾರಣರಾದರು. ಹಳೆಯ ಕುಶಲಕರ್ಮಿ ಇರುವಾಗಲೇ ಹೊಸಬರನ್ನು ಅವರ ಪಕ್ಕ ಕೂರಿಸಬೇಕು, ಮಾಡಿದ್ದನ್ನು ಮಾರಲು ಅಂಗಡಿ ಇರಬೇಕು, ಎರಡೂ ಒಟ್ಟಿಗೆ ನಡೆಯಬೇಕು ಎಂಬುದು ಅವರ ಕೆಲಸದ ಕ್ರಮ. ಆ ಮಂಡಳಿಯನ್ನು 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿತು. ಕುಶಲಕರ್ಮಿಯ ಮಾತು ದೆಹಲಿಗೆ ನೇರ ಮುಟ್ಟಲು ಇದ್ದ ಒಂದು ಬಾಗಿಲು ಮುಚ್ಚಿದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಕೂಲಿ ಗಿಟ್ಟದಿದ್ದರೆ

ಏಟಿಕೊಪ್ಪಾಕದಿಂದ ಅಚ್ಯುತಾಪುರಂ ದೂರವಿಲ್ಲ. ಅಲ್ಲಿ ವಿಶೇಷ ಆರ್ಥಿಕ ವಲಯದ ಕಾರ್ಖಾನೆಗಳಿವೆ. ತಿಂಗಳಿಗೆ ಸಂಬಳ, ಪಿಎಫ್, ಬಸ್ಸು. ಲೇತಿನ ಮುಂದೆ ಕೂತರೆ ಕರೆಂಟು ಹೋದರೆ ಕೆಲಸವಿಲ್ಲ, ಆರ್ಡರ್ ಬಾರದಿದ್ದರೆ ದುಡ್ಡಿಲ್ಲ, ಬೆನ್ನುನೋವು, ಕಣ್ಣಿಗೆ ಹೊಟ್ಟು. ಹತ್ತನೇ ಕ್ಲಾಸು ಮುಗಿಸಿದ ಹುಡುಗ ಬಸ್ಸು ಹತ್ತಿದರೆ ಅವನನ್ನು ತಪ್ಪು ಅನ್ನಲಾಗದು. ಅಪ್ಪ ನನ್ನ ಅಣ್ಣನನ್ನು ಲೇತಿಗೆ ಕೂರಿಸಲಿಲ್ಲ, ಓದಿಸಿದರು. ನಮ್ಮ ಮನೆಯ ಲೇತ್ ಅಪ್ಪನ ತಲೆಗೇ ನಿಂತಿತು. ಕಸುಬು ಉಳಿಯಲಿ ಅಂತ ಬಯಸುವವರು ಆ ಹುಡುಗರ ಮುಂದೆ ಒಂದು ನ್ಯಾಯವಾದ ಲೆಕ್ಕ ಇಡಬೇಕು. ಕೌಶಲದ ಕೆಲಸಕ್ಕೆ ಕಾರ್ಖಾನೆಯ ಕೂಲಿಗಿಂತ ಕಮ್ಮಿ ಸಿಕ್ಕರೆ ಯಾವ ಪ್ರಶಸ್ತಿಯೂ ಅವರನ್ನು ತಡೆಯದು.

ಇನ್ನೊಂದು ಹೊಡೆತ ನಕಲಿ ಮಾಲಿನದು. ನಗರದ ಒಂದು ಅಂಗಡಿಯಲ್ಲಿ ಪೇಂಟು ಸಿಂಪಡಿಸಿದ ಯಂತ್ರದ ಗೊಂಬೆಯನ್ನು ಏಟಿಕೊಪ್ಪಾಕದ್ದು ಅಂತ ನನಗೇ ಮಾರಲು ನೋಡಿದರು. ಪೇಂಟಿನ ಗೊಂಬೆಯ ಬಣ್ಣ ಮೇಲಿನ ಪದರವಾಗಿ ಸುಲಿಯುತ್ತದೆ, ಉಗುರು ತಾಕಿದ ಕಡೆ ಎದ್ದು ಬರುತ್ತದೆ. ಅರಗಿನ ಬಣ್ಣ ಮರಕ್ಕೆ ಕಚ್ಚಿಕೊಂಡಿರುತ್ತದೆ, ಮುಟ್ಟಿದರೆ ಮೈ ನುಣುಪು, ಅಂಚಿನಲ್ಲಿ ಕಡೆದ ಗೆರೆ ಕಾಣುತ್ತದೆ. ಸ್ಪಿರಿಟ್ ತಾಕಿದರೆ ಅರಗು ಕರಗುತ್ತದೆ, ಹಾಗಾಗಿ ಸ್ಯಾನಿಟೈಸರ್ ಹಾಕಿ ಒರೆಸಬಾರದು. ಒಣ ಬಟ್ಟೆ ಸಾಕು. ಅರಿಸಿನದ ಹಳದಿ ಬಿಸಿಲಿಗೆ ಮಂಕಾಗುತ್ತದೆ, ಕಿಟಕಿಯ ಪಕ್ಕ ಇಡಬೇಡಿ.

ಸರ್ಕಾರ ಕೆಲವು ಒಳ್ಳೆಯ ಕೆಲಸ ಮಾಡಿದೆ. 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿದರು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಗುರುತಿನ ಗೊಂಬೆಗಳಿಗೂ ವಿನಾಯಿತಿ ಕೊಟ್ಟರು. ಪರೀಕ್ಷೆಯ ಖರ್ಚು ಒಂಟಿ ಲೇತಿನ ಮನೆ ಹೊರಲಾರದು, ಹಾಗಾಗಿ ಆ ವಿನಾಯಿತಿ ಸರಿಯೇ. ಆದರೆ ವಿನಾಯಿತಿ ಪಡೆದವರ ಮೇಲೆ ಜವಾಬ್ದಾರಿಯೂ ಇದೆ. ಮಕ್ಕಳ ಸಾಮಾನಿಗೆ ಗಿಡಮೂಲದ ಬಣ್ಣವೇ ಇರಬೇಕು. ಚನ್ನಪಟ್ಟಣದಲ್ಲೂ ಹಲವರು ಈ ದಾರಿ ಹಿಡಿದಿದ್ದಾರೆ, ಎಲ್ಲರೂ ಹಿಡಿಯಬೇಕು.

ಮಾಡಬಹುದಾದದ್ದು

ತಾತಗಾರು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಎರಡೂ ರಾಜ್ಯಗಳ ಕೈಯಲ್ಲಿದೆ. ಆಲೆಮರ ಹಟಮಾರಿ ಮರ. ಒಣ ನೆಲದಲ್ಲಿ, ಕುರುಚಲು ಗುಡ್ಡದಲ್ಲಿ ಬೆಳೆಯುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಗೊಂಬೆಗೆ ದೊಡ್ಡ ದಿಮ್ಮಿ ಬೇಕಿಲ್ಲ, ತೋಳಿನ ದಪ್ಪದ ಕೊಂಬೆ ಸಾಕು. ಅಂದರೆ ಬುಡ ಉಳಿಸಿ ಕೊಂಬೆ ಕೊಯ್ಯುತ್ತ ಹೋದರೆ ಕಾಡೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ. ಅರಣ್ಯ ಇಲಾಖೆ ನರ್ಸರಿಯಲ್ಲಿ ಸಸಿ ಬೆಳೆಸಿ, ಪಂಚಾಯಿತಿ ಜಾಗ, ರೈತರ ಬದು, ಕಾಲುವೆ ಏರಿಯ ಮೇಲೆ ನೆಟ್ಟು, ಕುಶಲಕರ್ಮಿಗಳ ಸಂಘಕ್ಕೇ ಕೊಯ್ಯುವ ಹಕ್ಕು ಬರೆದುಕೊಡಲಿ. ಕೊಂಡಪಲ್ಲಿಯಲ್ಲಿ ಪೊಣಿಕಿಗೂ ಇದೇ ಆಗಲಿ. ಆಗ ಕೊಂಬೆ ತರುವವನು ಕದ್ದು ತಂದವನ ಹಾಗೆ ಅಂಜಬೇಕಿಲ್ಲ.

ಎರಡನೆಯದು, ಏಟಿಕೊಪ್ಪಾಕ, ಚನ್ನಪಟ್ಟಣ ಒಂದರ ಮುಖ ಇನ್ನೊಂದು ನೋಡಲಿ. ಗಿಡಮೂಲ ಬಣ್ಣವನ್ನು ಅರಗಿಗೆ ಹೊಂದಿಸುವ ಹದದಲ್ಲಿ ಏಟಿಕೊಪ್ಪಾಕದವರ ಅನುಭವ ದೊಡ್ಡದು. ಪೇಟೆ ಹಿಡಿಯುವುದರಲ್ಲಿ, ಹೊಸ ವಿನ್ಯಾಸದಲ್ಲಿ ಚನ್ನಪಟ್ಟಣದವರ ಕೈ ಮುಂದು. ಚನ್ನಪಟ್ಟಣದ ಹತ್ತು ಹೆಂಗಸರು ಏಟಿಕೊಪ್ಪಾಕದಲ್ಲಿ ಒಂದು ಹಂಗಾಮು ಕೂತು ಬಣ್ಣ ಕಲಿಯಲಿ, ಅಲ್ಲಿನವರು ಚನ್ನಪಟ್ಟಣಕ್ಕೆ ಬಂದು ಮಾರಾಟ ನೋಡಲಿ. ಭಾಷೆ ಅಡ್ಡಿಯಾಗದು. ಲೇತಿನ ಮುಂದೆ ಕೂತವರಿಗೆ ಲೇತಿನ ಮುಂದೆ ಕೂತವರ ಮಾತು ತಿಳಿಯುತ್ತದೆ, ನಾನು ಅದನ್ನು ಕಣ್ಣಾರೆ ಕಂಡವಳು.

ಮೂರನೆಯದು, ಸ್ಥಿರವಾದ ಗಿರಾಕಿ. ಆಂಧ್ರದಲ್ಲೂ ಕರ್ನಾಟಕದಲ್ಲೂ ಹಳ್ಳಿಹಳ್ಳಿಗೆ ಅಂಗನವಾಡಿಗಳಿವೆ. ಅಲ್ಲಿಗೆ ಬರುವ ಮಗುವಿಗೆ ಎಣಿಸಲು ಮಣಿ, ಪೋಣಿಸಲು ಬಳೆ, ತಳ್ಳಲು ಬಂಡಿ, ತಿರುಗಿಸಲು ಬುಗುರಿ ಬೇಕು. ಆ ಸಾಮಾನನ್ನು ಪ್ಲಾಸ್ಟಿಕ್ಕಿನಲ್ಲಿ ಕೊಳ್ಳುವ ಬದಲು ಏಟಿಕೊಪ್ಪಾಕ, ಕೊಂಡಪಲ್ಲಿ, ಚನ್ನಪಟ್ಟಣದವರಿಂದ ನೇರವಾಗಿ, ಮಧ್ಯವರ್ತಿಗಳಿಲ್ಲದೆ, ಪ್ರತಿ ವರ್ಷ ಕೊಳ್ಳಬೇಕು. ವರ್ಷವಿಡೀ ಆರ್ಡರ್ ಇದ್ದರೆ ತಿಂಗಳ ಕೂಲಿ ಗಿಟ್ಟುತ್ತದೆ, ಕೂಲಿ ಗಿಟ್ಟಿದರೆ ಹುಡುಗರು ಊರಲ್ಲೇ ಉಳಿಯುತ್ತಾರೆ.

ನಮ್ಮ ಕೈಯಲ್ಲಿರುವುದೂ ಇದೆ. ಮಗು ಹುಟ್ಟಿದ ಮನೆಗೆ ಹೋಗುವಾಗ ಅರಗಿನ ಗಿಲಕಿ ಒಯ್ಯಿ. ಕೊಳ್ಳುವಾಗ ಬಣ್ಣ ಯಾವುದು ಅಂತ ಕೇಳಿ, ಯಾವ ಊರಿನದು ಅಂತ ಕೇಳಿ, ಬೆಲೆಯಲ್ಲಿ ಚೌಕಾಸಿ ಮಾಡಬೇಡಿ. ಶೋಕೇಸಿನಲ್ಲಿ ಬೀಗ ಹಾಕಿ ಇಡಬೇಡಿ, ಮಕ್ಕಳ ಕೈಗೆ ಕೊಡಿ. ಆಡಿ ಸವೆದ ಗೊಂಬೆಯ ಜಾಗಕ್ಕೆ ಇನ್ನೊಂದು ಕೊಳ್ಳುವ ಮನೆಗಳು ಹೆಚ್ಚಾದಷ್ಟೂ ಲೇತ್ ತಿರುಗುವ ದಿನಗಳೂ ಹೆಚ್ಚಾಗುತ್ತವೆ.